ಬಂದೂಕಿಗೆ ಬೇಕಿದ್ದ ಸಹಿ

ಯಾವ ಕಾಗದ ಕೈಗೆ ಕೊಟ್ಟರೂ ಅವರು ಎಡಗಣ್ಣು ಮುಚ್ಚಿಕೊಂಡು ಓದುತ್ತಿದ್ದರು. ಎಕ್ಸ್‌ರೇ ಇರಲಿ, ಕ್ಯಾಂಟೀನಿನ ಮೆನು ಇರಲಿ, ತೋಳನ್ನು ನೆಟ್ಟಗೆ ಚಾಚಿ, ಬಲಗಣ್ಣೊಂದರಲ್ಲೇ ಅದನ್ನು ಅಳೆದು, ಆಮೇಲೆ ಮಾತು. ಐರ್ಲೆಂಡಿನ ಸ್ಲೈಗೋದ ಆಸ್ಪತ್ರೆಗೆ ಸೇರಿದ ಮೊದಲ ವಾರ ನಾನು ಬರೆದ ಕೇಸ್‌ಶೀಟನ್ನು ಹಾಗೆ ಹಿಡಿದು ನೋಡಿದಾಗ, ಪಾಪ, ಇವರಿಗೆ ಒಂದು ಕಣ್ಣು ಮಂದವೇನೋ ಅಂದುಕೊಂಡಿದ್ದೆ. ಕೊಡಗಿನವರು, ಹನ್ನೆರಡನೇ ವಯಸ್ಸಿಗೇ ಬಂದೂಕು ಹಿಡಿದವರು, ಗುರಿ ಇಡುವ ಅಭ್ಯಾಸ ಕಣ್ಣಿಗೆ ಅಂಟಿಬಿಟ್ಟಿದೆ ಎಂದು ತಿಳಿದದ್ದು ಆಮೇಲೆ.

ಅವರು ನಮ್ಮ ಕನ್ಸಲ್ಟೆಂಟ್. ನಾನು ತುಮಕೂರಿನಿಂದ ಬಂದವಳು, ಕಿರಿಯ ಡಾಕ್ಟರು. ಅವರು ನಿವೃತ್ತರಾದ ಮೇಲೂ ನನಗೆ ಅವರು ‘ಸರ್’ ಆಗಿಯೇ ಉಳಿದರು. ಅವರ ಹೆಂಡತಿ ಮಾತ್ರ ಎರಡನೇ ಭೇಟಿಗೇ ಆಂಟಿಯಾದರು. ಡ್ಯೂಟಿ ಮುಗಿಸಿ ಸುಸ್ತಾಗಿ ಅವರ ಕೋಣೆಗೆ ಹೋಗಿ ಏನಾದರೂ ಗೋಳು ಶುರು ಮಾಡಿದರೆ ಕುರ್ಚಿ ಎಳೆದು ಹಾಕಿ, “ಮೊದ್ಲು ಕೂತ್ಕೋ. ಸಾಯೋದಿದ್ರೆ ಕೂತ್ಕೊಂಡೇ ಸಾಯೋಣ” ಅನ್ನುತ್ತಿದ್ದರು. ಎಷ್ಟೋ ದಿನ ನಾನು ಆ ಕುರ್ಚಿಯಲ್ಲಿ ಏನೂ ಮಾತಾಡದೆ ಕಾಲು ಗಂಟೆ ಕೂತು ಎದ್ದು ಬಂದದ್ದುಂಟು. ಅವರೂ ಏನೂ ಕೇಳುತ್ತಿರಲಿಲ್ಲ.

ಊರಾಚೆ ಅವರ ಮನೆ. ಮೆಟ್ಟಿಲ ಕೆಳಗಿನ ಸಣ್ಣ ಕೋಣೆಯಲ್ಲಿ, ಕಾನೂನು ಹೇಳಿದಂತೆ, ಗೋಡೆಗೆ ಬೋಲ್ಟು ಹಾಕಿ ನಿಲ್ಲಿಸಿದ ಉಕ್ಕಿನ ಪೆಟ್ಟಿಗೆ. ಅದರೊಳಗೆ ಒಂದು ಜೋಡುನಳಿಗೆಯ ಬಂದೂಕು. ಭಾನುವಾರ ಕ್ಲಬ್ಬಿಗೆ ಹೋಗಿ, ಗಾಳಿಗೆ ಎಸೆಯುವ ಮಣ್ಣಿನ ಬಿಲ್ಲೆಗಳಿಗೆ ಹೊಡೆದು ಬರುತ್ತಿದ್ದರು. ಆದರೆ ಬಂದೂಕು ಇಟ್ಟುಕೊಂಡದ್ದು ಬಿಲ್ಲೆಗಳಿಗಾಗಿ ಅಲ್ಲ. ಸೆಪ್ಟೆಂಬರ್ ಮೊದಲ ವಾರದಲ್ಲಿ ಅವರ ಕಡೆಯ ಕೈಲ್‌ಪೋಳ್ದ್ ಹಬ್ಬ. ಅವತ್ತು ಮನೆಯ ಬಂದೂಕನ್ನು ದೇವರ ಮುಂದಿಟ್ಟು, ನಳಿಗೆಗೆ ಹೂ ಸಿಕ್ಕಿಸಿ ಪೂಜೆ ಮಾಡಬೇಕು. ಅದಕ್ಕೆಂದೇ ಇರುವ ಕೆಂಪು ಹಳದಿ ಹೂವು ಕೊಡಗಿನ ಬೇಲಿಯಲ್ಲಿ ಸಿಗುತ್ತದೆ, ಸ್ಲೈಗೋದಲ್ಲಿ ಎಲ್ಲಿಂದ ಬರಬೇಕು? ಇಲ್ಲಿ ಆ ಹೊತ್ತಿಗೆ ರಸ್ತೆಬದಿಯ ಚರಂಡಿಯುದ್ದಕ್ಕೂ ಕಿತ್ತಳೆ ಬಣ್ಣದ ಮಾಂಟ್‌ಬ್ರೀಷಿಯಾ ಅರಳಿ ನಿಂತಿರುತ್ತದೆ. ಸರ್ ಅದನ್ನೇ ಕಿತ್ತು ತರುತ್ತಿದ್ದರು. ಆಂಟಿ ಅಕ್ಕಿತರಿಯ ಉಂಡೆ ಕಡಂಬಿಟ್ಟು ಮಾಡಿ, ಹಂದಿಸಾರು ಮುಟ್ಟದ ನನಗೆ ಬೇರೆ ಪಾತ್ರೆಯಲ್ಲಿ ಕಾಳಿನ ಸಾರು ಇಟ್ಟಿರುತ್ತಿದ್ದರು. ತುಮಕೂರಿನಲ್ಲಿ ಆಯುಧಪೂಜೆಗೆ ಸ್ಕೂಟರಿಗೆ ಕುಂಕುಮ ಇಡುವುದನ್ನು ಬಿಟ್ಟು ಬೇರೆ ಗೊತ್ತಿಲ್ಲದ ನನಗೆ ಬಂದೂಕಿಗೆ ಕೈಮುಗಿಯಲು ಮೊದಲ ವರ್ಷ ನಗು ಬಂದಿತ್ತು.

ಇಲ್ಲಿ ಬಂದೂಕಿನ ಲೈಸೆನ್ಸನ್ನು ಮೂರು ವರ್ಷಕ್ಕೊಮ್ಮೆ ನವೀಕರಿಸಬೇಕು. ಆ ಫಾರಂ ತುಂಬುವ ಕೆಲಸ ನನ್ನ ಪಾಲಿಗೆ ಬಂದಿತ್ತು, ಯಾಕೆಂದರೆ ಈ ದೇಶದಲ್ಲಿ ನನ್ನಷ್ಟು ಫಾರಂ ತುಂಬಿದವರು ಅವರಿಗೆ ಯಾರೂ ಗೊತ್ತಿರಲಿಲ್ಲ. ವೀಸಾ, ಪರ್ಮಿಟ್ಟು, ರಿಜಿಸ್ಟ್ರೇಷನ್ನು, ಮನೆ ಬಾಡಿಗೆ, ಮಗುವಿನ ಕ್ರೆಷ್. ಒಂದು ಮುಗಿಯುವಷ್ಟರಲ್ಲಿ ಇನ್ನೊಂದರ ಗಡುವು. ಹೆಸರು, ಹುಟ್ಟಿದ ಊರು, ಹುಟ್ಟಿದ ದೇಶ ಎಂದು ಬರೆದು ಬರೆದು, ನಾನು ಹುಟ್ಟಿದ್ದೇ ತಪ್ಪೇನೋ ಎಂಬಷ್ಟು ಬೇಸರ ಬಂದಿತ್ತು.

ಕಡೆಯ ನವೀಕರಣದ ಹೊತ್ತಿಗೆ ಠಾಣೆಗೆ ಹೊಸ ಗಾರ್ಡಾ, ಅಂದರೆ ಇಲ್ಲಿನ ಪೊಲೀಸ್ ಅಧಿಕಾರಿ ಬಂದಿದ್ದರು. ಫಾರಂ ಜೊತೆ ಒಂದು ಹೆಚ್ಚಿನ ಹಾಳೆ ಕಳಿಸಿದ್ದರು: ನೀವು ಹೊರದೇಶದಲ್ಲಿ ಹುಟ್ಟಿದವರು, ಅಲ್ಲಿ ಬಂದೂಕು ಇಟ್ಟುಕೊಂಡಿದ್ದಿರಾ, ಯಾವ ಲೈಸೆನ್ಸಿನ ಮೇಲೆ? ಸರ್ ಹೇಳುತ್ತಾ ಹೋದರು, ಹನ್ನೆರಡು ತಾಸು ದುಡಿದು ಬಂದಿದ್ದ ನಾನು ಟೈಪ್ ಮಾಡುತ್ತಾ ಹೋದೆ. ಹನ್ನೆರಡನೇ ವಯಸ್ಸಿನಿಂದ ಬಂದೂಕು ಬಳಸಿದ್ದೇನೆ. ಮನೆಯಲ್ಲಿ ನಾಲ್ಕು ಬಂದೂಕುಗಳಿದ್ದವು. ಯಾವುದಕ್ಕೂ, ಯಾವತ್ತೂ ಲೈಸೆನ್ಸ್ ಇರಲಿಲ್ಲ. ಅಷ್ಟೇ. ಕೊಡವರಿಗೆ ಲೈಸೆನ್ಸಿನಿಂದ ಸರ್ಕಾರವೇ ವಿನಾಯಿತಿ ಕೊಟ್ಟಿದೆ ಎಂಬ ಒಂದು ಸಾಲು ಅವರು ಹೇಳಲಿಲ್ಲ, ನನಗೂ ಹೊಳೆಯಲಿಲ್ಲ. ಅವರಿಗೆ ಅದು ಹೇಳಬೇಕಾದ ಸಂಗತಿಯೇ ಅಲ್ಲ.

ಓದಿದ ಅಧಿಕಾರಿಗೆ ಹೇಗನಿಸಿರಬೇಕು? ಡಾಕ್ಟರೊಬ್ಬರು ತಾವೇ ಬರೆದು, ಸಹಿ ಹಾಕಿ ಕಳಿಸಿದ ತಪ್ಪೊಪ್ಪಿಗೆ. ಸರ್ ಅನ್ನು ಕರೆಸಿದರು, ಚಹಾ ಕೊಟ್ಟರು, ಬಹಳ ಮರ್ಯಾದೆಯಿಂದ, ಡಾಕ್ಟರೇ, ಇದನ್ನು ಸ್ವಲ್ಪ ವಿವರಿಸಬಹುದೇ ಎಂದು ಕೇಳಿದರಂತೆ. ವಿರಾಜಪೇಟೆಯಿಂದ ಸರ್ ಅವರ ತಮ್ಮ ವಿನಾಯಿತಿ ಪತ್ರದ ನಕಲು ಕಳಿಸಿದರು, ನಾನು ಅನುವಾದ ಮಾಡಿದೆ, ಅದಕ್ಕೊಂದು ಮುದ್ರೆ ಬಿತ್ತು. ಇಷ್ಟಕ್ಕೆ ಆರು ವಾರ ಹೋಯಿತು. ಅಧಿಕಾರಿ ಒಪ್ಪಿದರು. ಇನ್ನು ಉಳಿದದ್ದು, ಇವರನ್ನು ಚೆನ್ನಾಗಿ ಬಲ್ಲೆವು ಎಂದು ಹೆಸರು ಕೊಟ್ಟು ಸಹಿ ಹಾಕುವ ಇಬ್ಬರು. ಹಿಂದೆ ಸಹಿ ಹಾಕುತ್ತಿದ್ದವರಲ್ಲಿ ಒಬ್ಬರು ತೀರಿಹೋಗಿದ್ದರು, ಇನ್ನೊಬ್ಬರು ನರ್ಸಿಂಗ್ ಹೋಮಿನಲ್ಲಿ ಸ್ವಂತ ಮಗಳ ಹೆಸರನ್ನೂ ಮರೆತಿದ್ದರು. ಪಕ್ಕದ ಜಮೀನಿನಲ್ಲಿ ಕುರಿ ಸಾಕುವ ರೈತ ಮೊದಲ ಸಹಿ ಹಾಕಿದ.

“ಎರಡನೇದು ನಿನ್ನ ಹೆಸರು ಹಾಕ್ಲಾ?” ಎಂದರು ಸರ್, ಅಡುಗೆಮನೆಯ ಮೇಜಿನ ಆಚೆಯಿಂದ. ಆಗಸ್ಟ್ ಅರ್ಧ ಕಳೆದಿತ್ತು. ಮಾಸಾಂತ್ಯಕ್ಕೆ ಲೈಸೆನ್ಸ್ ಮುಗಿದರೆ ಬಂದೂಕು ಮನೆಯಲ್ಲಿರುವ ಹಾಗಿಲ್ಲ, ಡೀಲರ್ ಅಂಗಡಿಗೆ ಒಪ್ಪಿಸಬೇಕು. ಹಬ್ಬಕ್ಕೆ ಬಂದೂಕು ಇರುವುದಿಲ್ಲ. ಇದೆಲ್ಲ ನನಗೆ ಗೊತ್ತಿತ್ತು.

ಆದರೆ ನನ್ನ ಪೌರತ್ವದ ಅರ್ಜಿ ಆಗ ಡಬ್ಲಿನ್ನಿನ ಯಾವುದೋ ಕಪಾಟಿನಲ್ಲಿ ಎರಡು ವರ್ಷದಿಂದ ಕೂತಿತ್ತು. ಅದಕ್ಕೆ ನನ್ನನ್ನು ಬಲ್ಲ ಐರಿಶ್ ಪ್ರಜೆಗಳ ಹೆಸರು ಬೇಕಾದಾಗ ಮೊದಲ ಹೆಸರು ಕೊಟ್ಟವರೇ ಇವರು. ನಾನು ಕೇಳುವುದು ಮುಗಿಯುವ ಮೊದಲೇ ಪೆನ್ನಿನ ಮುಚ್ಚಳ ತೆಗೆದಿದ್ದರು. ಈಗ ನನ್ನ ಹೆಸರು ಪೊಲೀಸರ ಕಂಪ್ಯೂಟರಿನಲ್ಲಿ, ಅದೂ ಬಂದೂಕಿನ ವಿಚಾರದಲ್ಲಿ ಬಿದ್ದರೆ? ಯಾರಾದರೂ ಪ್ರಶ್ನೆ ಕೇಳಿ, ಕಡತ ಇನ್ನೆರಡು ವರ್ಷ ಹಿಂದಕ್ಕೆ ಹೋದರೆ? ಇನ್ನೊಂದು ಫಾರಂ ತುಂಬುವ ತ್ರಾಣ ನನ್ನಲ್ಲಿ ಉಳಿದಿರಲಿಲ್ಲ. ಇದನ್ನು ಆಯಾಸವೆಂದು ನನಗೆ ನಾನೇ ಹೇಳಿಕೊಂಡೆ. ಆಯಾಸವಲ್ಲ, ಪುಕ್ಕಲುತನ.

“ಸರ್, ನಾನಿನ್ನೂ ಸಿಟಿಜನ್ ಅಲ್ವಲ್ಲ. ನನ್ನ ಹೆಸರು ನಡೆಯಲ್ಲ ಅನ್ಸುತ್ತೆ” ಎಂದೆ. ಹಾಗೆಂದು ಫಾರಂನಲ್ಲಿ ಎಲ್ಲೂ ಇರಲಿಲ್ಲ. ಇಡೀ ಫಾರಂ ತುಂಬಿದವಳು ನಾನೇ.

ಅವರು ಒಂದು ಗಳಿಗೆ ನನ್ನ ಮುಖ ನೋಡಿದರು. “ಹೌದಾ? ಗ್ರ್ಯಾಂಡ್” ಎಂದರು, ಇಲ್ಲಿನವರು ಪರವಾಗಿಲ್ಲ ಅನ್ನುವ ಹಾಗೆ. “ಬಿಡು. ಬೇರೆ ಯಾರನ್ನಾದ್ರೂ ನೋಡ್ತೀನಿ” ಎಂದು, ಹಾಳೆ ಮಡಿಸಿ, ನನ್ನ ಮಗಳಿಗೆ ಜಲದೋಷ ಹೋಯಿತೇ ಎಂದು ಕೇಳಿದರು.

ಬೇರೆ ಯಾರನ್ನೂ ಅವರು ಕೇಳಲಿಲ್ಲವೆಂದು ಆಂಟಿ ಆಮೇಲೆ ಹೇಳಿದರು. ಕ್ಲಬ್ಬಿನವರದ್ದು ಭಾನುವಾರದ ಮುಖಪರಿಚಯ ಅಷ್ಟೇ. ಆಸ್ಪತ್ರೆಯಲ್ಲಿದ್ದ ನಮ್ಮವರಲ್ಲಿ ಪ್ರತಿಯೊಬ್ಬರದ್ದೂ ಒಂದೊಂದು ಕಾಗದ ಎಲ್ಲೋ ಒಂದು ಕಡೆ ಬಾಕಿ ಇತ್ತು. ಅವರನ್ನೆಲ್ಲ ಯಾಕೆ ಇಕ್ಕಟ್ಟಿಗೆ ಸಿಕ್ಕಿಸುವುದು ಅಂದರಂತೆ. ತಿಂಗಳ ಕೊನೆಯ ದಿನ ಬಂದೂಕನ್ನು ಎಣ್ಣೆ ಹಾಕಿ ಒರೆಸಿ, ಚೀಲಕ್ಕೆ ಹಾಕಿ, ಒಬ್ಬರೇ ಹೋಗಿ ಡೀಲರಿಗೆ ಒಪ್ಪಿಸಿ ಬಂದರು.

ಹಬ್ಬದ ದಿನ ನಾನು ಹೋಗದೇ ಇರಬಹುದಿತ್ತು. ಡ್ಯೂಟಿ ಇದೆ ಅಂದರೆ ನಂಬುತ್ತಿದ್ದರು. ಆದರೂ ಹೋದೆ. ದೇವರ ಮುಂದೆ ಬಂದೂಕಿನ ಜಾಗದಲ್ಲಿ ಒಂದು ಹಿತ್ತಾಳೆ ತಟ್ಟೆ, ತಟ್ಟೆಯಲ್ಲಿ ಡೀಲರ್ ಕೊಟ್ಟ ರಸೀತಿ, ಅದರ ಮೇಲೆ ಕಿತ್ತಳೆ ಹೂವು. ಸರ್ ಅದಕ್ಕೇ ಗಂಧ ಹಚ್ಚಿ ಅಕ್ಕಿ ಹಾಕಿದರು. ಆಂಟಿ, ನಮ್ಮ ಮನೆತನದಲ್ಲಿ ರಸೀತಿಗೆ ಪೂಜೆ ಮಾಡಿದ ಮೊದಲ ಗಂಡಸು ಇವರೇ ಎಂದು ಛೇಡಿಸಿದರು. ಸರ್ ನಕ್ಕರು. 

ಊಟವಾದ ಮೇಲೆ ಅವರೊಬ್ಬರೇ ಇದ್ದಾಗ ಹೇಳಿದೆ. “ಸರ್, ಆ ಫಾರಂ ಕೊಡಿ. ಸಹಿ ಮಾಡ್ತೀನಿ.”

“ನಿನ್ನ ಪೇಪರ್ ಬರ್ಲಿ ಮೊದ್ಲು” ಎಂದರು. “ನಿನ್ನ ಹೆಸ್ರು ನಡೀತಿತ್ತು ಅಂತ ನಂಗೆ ಅವತ್ತೇ ಗೊತ್ತು. ನಾನೂ ಒಂದ್ಕಾಲಕ್ಕೆ ಆ ಪೇಪರ್‌ಗೆ ಕಾದವ್ನೇ ಅಲ್ವಾ? ಕಾಯೋವಾಗ ಮನುಷ್ಯಂಗೆ ನೆರಳು ಕಂಡ್ರೂ ಭಯ. ನಿಂದು ಬಂದ್ಮೇಲೆ ಇಬ್ರೂ ಹೋಗಿ ಬಿಡಿಸ್ಕೊಂಡು ಬರೋಣ.”

ಒಂದು ಮಾತು ಬೈದಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು. ಮರುದಿನವೇ ಆ ಹಾಳೆ ಕಿತ್ತುಕೊಂಡಾದರೂ ಸಹಿ ಹಾಕಬಹುದಿತ್ತು, ಹಾಕಲಿಲ್ಲ. ಅವರು ಕಾಯು ಅಂದರು, ನಾನು ಕಾದೆ. ನನಗೆ ಅನುಕೂಲವಾದ ಮಾತನ್ನು ಅವರ ಅಪ್ಪಣೆ ಎಂದು ಇಟ್ಟುಕೊಂಡೆ.

ಫೆಬ್ರವರಿಯಲ್ಲಿ ಒಂದು ಬೆಳಿಗ್ಗೆ ಚಹಾ ಕುಡಿಯುತ್ತಿದ್ದವರು ಹಾಗೆಯೇ ಹೋದರು, ಹೃದಯಾಘಾತ. ಅವರ ಕಡೆ ಸಾವಿನ ಸುದ್ದಿ ಸಾರಲು ಅಂಗಳದಲ್ಲಿ ಎರಡು ಗುಂಡು ಹಾರಿಸುತ್ತಾರಂತೆ. ಇಲ್ಲಿ ನಾವು ವಾಟ್ಸ್ಯಾಪ್ ಮಾಡಿದೆವು.

ಏಪ್ರಿಲಿನಲ್ಲಿ ನನಗೆ ಪೌರತ್ವದ ಪತ್ರ ಬಂತು. ಯಾರೂ ನನ್ನನ್ನು ಯಾವ ಪ್ರಶ್ನೆಯನ್ನೂ ಕೇಳಿರಲಿಲ್ಲ. ಪತ್ರ ಹಿಡಿದು ಅಡುಗೆಮನೆಯಲ್ಲಿ ಅತ್ತುಬಿಟ್ಟೆ. ಖುಷಿಗೆ ಅಳುತ್ತಿದ್ದಾಳೆಂದು ನನ್ನ ಗಂಡ ಫೋಟೊ ತೆಗೆದರು.

ಮೇ ತಿಂಗಳಲ್ಲಿ ಆಂಟಿ ಫೋನ್ ಮಾಡಿ, ಬಂದೂಕನ್ನು ಮಾರಿಬಿಡುವುದೆಂದು ಮಕ್ಕಳು ಹೇಳುತ್ತಿದ್ದಾರೆ, ಅಂಗಡಿಯವರೆಗೆ ಜೊತೆಗೆ ಬರುತ್ತೀಯಾ ಎಂದು ಕೇಳಿದರು. ಡೀಲರ್ ಒಂದು ಹಾಳೆ ಮುಂದಿಟ್ಟ. ಆಂಟಿ ಸಹಿ ಹಾಕಿದರು. ಕೆಳಗೆ ಇನ್ನೊಂದು ಗೆರೆ ಇತ್ತು, ತೀರಿಹೋದವರನ್ನೂ ಅವರ ಹೆಂಡತಿಯನ್ನೂ ಬಲ್ಲ ಒಬ್ಬ ಸಾಕ್ಷಿಗೆ. ಆತ ಪೆನ್ನನ್ನು ನನ್ನ ಕಡೆ ತಿರುಗಿಸಿದ. ಸಹಿ ಹಾಕಲು ಅರ್ಧ ನಿಮಿಷವೂ ಹಿಡಿಯಲಿಲ್ಲ.