ಡೈರಿ ಬೋರ್ಡಿನ ಮೇಲೆ ದಿನಕ್ಕೊಂದು ಸೋಜಿಗ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಹನಗೋಡು ದಾಟಿ ಕಾಡಿನ ಕಡೆಗೆ ಹೋಗುವ ದಾರಿಯಲ್ಲಿರುವ ಆ ಸಣ್ಣ ಊರಿನ ಡೈರಿ ಮುಂದೆ ಕ್ಯಾನು, ತಂಬಿಗೆ, ಪ್ಲಾಸ್ಟಿಕ್ ಡಬ್ಬಗಳು ಆಗಲೇ ತಮ್ಮ ಒಡೆಯರ ಪರವಾಗಿ ಸಾಲುಗಟ್ಟಿವೆ. ಒಡೆಯರು ಜಗಲಿ ಮೇಲೆ ಕೂತು ಆಕಳಿಸುತ್ತಿದ್ದಾರೆ. ಚಿಕ್ಕಸಿದ್ದಮ್ಮ ಮಾತ್ರ ಯಾರ ಕಡೆಗೂ ತಿರುಗುವುದಿಲ್ಲ. ಗೋಡೆಯ ಕರಿಹಲಗೆಯನ್ನು ಒದ್ದೆ ಬಟ್ಟೆಯಿಂದ ಒರೆಸಿ, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಸೀಮೆಸುಣ್ಣ ಹಿಡಿದು ಗುಂಡು ಅಕ್ಷರದಲ್ಲಿ ಬರೆಯುತ್ತಾರೆ: ‘ಆರುನೂರು ವರ್ಷದ ಹಿಂದೆ ನಮ್ಮ ದೇಶದ ಯಾರ ಮನೆಯ ಸಾರಿನಲ್ಲೂ ಮೆಣಸಿನಕಾಯಿ ಇರಲಿಲ್ಲ.’

ಆಕಳಿಕೆಗಳು ಅರ್ಧಕ್ಕೇ ನಿಲ್ಲುತ್ತವೆ. “ಮತ್ತೆ ಕಾರಕ್ಕೆ ಏನಾಕ್ತಿದ್ರು ಸಿದ್ದಕ್ಕ?” ಎನ್ನುತ್ತಾಳೆ ಸಾಲಿನ ಮೊದಲಲ್ಲಿರುವ ರಾಧಾ.

“ಕರಿಮೆಣಸು ಕಣವ್ವ. ಕಾಯಿ ಆಮೇಲೆ ಅಡಗಲ್ಲಿ ಬಂದದ್ದು, ಸಮುದ್ರದ ಆಚೆಯಿಂದ.”

“ನಮ್ಮತ್ತೆ ಕೇಳುದ್ರೆ ನನ್ನ ಮನೆಯಿಂದ ಆಚೆಗಾಕ್ತಾರೆ.”

ಸಾಲು ನಗುತ್ತದೆ. ಆ ನಗುವಿನ ನಡುವೆಯೇ ಚಿಕ್ಕಸಿದ್ದಮ್ಮ ಮೊದಲ ಡಬ್ಬದ ಹಾಲಿಗೆ ಸೌಟು ಇಳಿಸಿ, ಮಾದರಿಯನ್ನು ಯಂತ್ರದ ಬಾಯಿಗೆ ಹಿಡಿಯುತ್ತಾರೆ. ಹಾಲು ಪರೀಕ್ಷೆ ಮಾಡುವುದು, ಕ್ಯಾನಿಗೆ ತುಂಬಿಸುವುದು, ಗಾಡಿ ಬಂದು ಒಯ್ದ ಮೇಲೆ ನೆಲ ತೊಳೆದು ಹಳೇ ಕ್ಯಾನು ಉಜ್ಜುವುದು, ಸಂಜೆ ಇದನ್ನೇ ಮತ್ತೆ ಮೊದಲಿಂದ ಮಾಡುವುದು ಅವರ ಕೆಲಸ. ಬೋರ್ಡಿನ ಮೇಲೆ ಸೋಜಿಗ ಬರೆಯಿರಿ ಎಂದು ಅವರಿಗೆ ಯಾರೂ ಹೇಳಿಲ್ಲ. ಹೇಳದ ಕೆಲಸವನ್ನೇ ಜನ ಇಷ್ಟು ಅಚ್ಚುಕಟ್ಟಾಗಿ ಮಾಡುತ್ತಾರೇನೋ.

ಅವರ ತವರು ಕೆ.ಆರ್. ನಗರದ ಕಡೆಯ ಮಿರ್ಲೆ. ಏಳನೇ ಕ್ಲಾಸಿಗೇ ಓದು ನಿಂತಿತು. ಮದುವೆಯಾಗಿ ಈ ಊರಿಗೆ ಬಂದರು. ಗಂಡ ದೇವಯ್ಯ ಹೊಗೆಸೊಪ್ಪು ಬೇಯಿಸುವ ಬ್ಯಾರನ್ನಿನಲ್ಲಿ ಬೆಂಕಿ ಕಾಯುವ ಕೆಲಸ ಮಾಡುತ್ತಿದ್ದವರು, ಈಗ ಕೆಮ್ಮಿನ ದೆಸೆಯಿಂದ ಮನೆಯಲ್ಲಿದ್ದಾರೆ. ಕ್ಯಾನು ತೊಳೆಯುವ ಸೋಡಾ ನೀರಿಗೆ ಚಿಕ್ಕಸಿದ್ದಮ್ಮನ ಬೆರಳುಗಳು ಬಿರಿದಿವೆ. ಆ ಬಿರುಕಿಗೆ ಸೀಮೆಸುಣ್ಣದ ಪುಡಿ ಇಳಿದರೆ ಚುರುಚುರು ಉರಿಯುತ್ತದೆ. “ಉರೀತದೆ, ಇಲ್ಲ ಅನ್ನಲ್ಲ. ಬರಿಯೋಗಂಟ ಅಷ್ಟೇಯ” ಎಂದು ಕೈ ಸೆರಗಿಗೆ ಒರೆಸಿಕೊಳ್ಳುತ್ತಾರೆ.

ಶುರುವಾದದ್ದು ಒಂದು ಜಗಳದಿಂದ. ಕರೆಂಟು ಹೋಗಿ ಯಂತ್ರ ನಿಂತಿದ್ದ ಬೆಳಿಗ್ಗೆ, ಯಾರು ಮುಂದೆ ಯಾರು ಹಿಂದೆ ಎಂದು ಸಾಲಿನಲ್ಲಿ ಕೈ ಕೈ ಮಿಲಾಯಿಸುವ ಹಂತ ಬಂದಿತ್ತು. ದನದ ಡಾಕ್ಟರು ಹಿಂದಿನ ದಿನ ಹೇಳಿದ್ದ ಮಾತೊಂದು ಚಿಕ್ಕಸಿದ್ದಮ್ಮನಿಗೆ ನೆನಪಾಗಿ, ಏನೂ ತೋಚದೆ ಅದನ್ನು ಬೋರ್ಡಿನ ಮೇಲೆ ಬರೆದರು. ಮನುಷ್ಯರ ಹೆಬ್ಬೆಟ್ಟಿನ ಹಾಗೆ ಹಸುವಿನ ಮೂಗಿನ ಗೆರೆಗಳೂ ಒಂದರಂತೆ ಇನ್ನೊಂದಿಲ್ಲ ಎಂದು. ಜಗಳ ಅಲ್ಲೇ ತಣ್ಣಗಾಯಿತು. ಮನೆಗೆ ಹೋದವರೆಲ್ಲ ಕೊಟ್ಟಿಗೆಯಲ್ಲಿ ಬಗ್ಗಿ ತಮ್ಮ ಹಸುಗಳ ಮೂಗು ನೋಡಿದರು. ಮಾರನೆಯ ದಿನ ಹಾಲಿನ ಜೊತೆ ಮೂಗಿನ ವರದಿಗಳೂ ಬಂದವು.

ಅಂದಿನಿಂದ ಅವರು ಎದುರಿಗೆ ಸಿಕ್ಕವರನ್ನು ಬಿಡುವುದಿಲ್ಲ. ದನದ ಡಾಕ್ಟರು, ಆಸ್ಪತ್ರೆ ಸಿಸ್ಟರು, ಕಾಡಿನ ವಾಚರು, ಶಾಲೆ ಮೇಷ್ಟ್ರು, ಯಾರು ಬಂದರೂ ನೀರು ಕೊಟ್ಟು ಕೂರಿಸಿ, “ನಂಗೊತ್ತಿಲ್ದೆ ಇರದು ಏನಾರ ಒಂದೇಳಿ” ಎನ್ನುತ್ತಾರೆ. ಗುರುಪುರದ ಹತ್ತಿರದ ಟಿಬೆಟ್ ಕ್ಯಾಂಪಿನಲ್ಲಿ ಸ್ವೆಟರ್ ಮಾರುವ ಅಜ್ಜಿಯೊಬ್ಬರು, ತಮ್ಮ ನಾಡಿನ ಜೂಲು ದನ ಯಾಕ್ ಎಂದರೆ ಗಂಡು ಮಾತ್ರ, ಹೆಣ್ಣಿಗೆ ಬೇರೆ ಹೆಸರು, ಯಾಕ್ ಹಾಲು ಕೊಡಿ ಎಂದರೆ ನಾವು ನಗುತ್ತೇವೆ ಎಂದಿದ್ದರಂತೆ. ಡೈರಿ ಬೋರ್ಡಿಗೆ ಅದಕ್ಕಿಂತ ಒಳ್ಳೆಯ ಸರಕು ಬೇಕೆ?

ಎಲ್ಲ ಸೋಜಿಗವೂ ಗೆಲ್ಲುವುದಿಲ್ಲ. ‘ಹಸುವಿಗೆ ಮೇಲಿನ ಮುಂಬಲ್ಲು ಇಲ್ಲ’ ಎಂದು ಬರೆದ ದಿನ ಸಾಲಿಗೆ ಸಾಲೇ ಅವರನ್ನು ಗೇಲಿ ಮಾಡಿತು. ದನ ಸಾಕುವವರಿಗೆ ಹೇಳುವ ಸುದ್ದಿಯಾ ಅದು? ರಾಗಿಯ ಮೂಲ ಆಫ್ರಿಕಾ ಎಂದು ಬರೆದಾಗ ದಾಸಯ್ಯನೆಂಬ ಹಿರಿಯರು ಮುನಿಸಿಕೊಂಡು ಮಾತು ಬಿಟ್ಟರು. “ರಾತ್ರಿ ಮುದ್ದೆ ಮುಂದೆ ಕೂತ್ರೆ ನೆಂಟರ ಮನೇಲಿ ಕೂತಂಗಾಯ್ತು ಕಣವ್ವ” ಎಂದು ಆಮೇಲೆ ದೂರು ಕೊಟ್ಟರು. “ಮತ್ತೆ ಉಣ್ಣಲಿಲ್ವಾ?” ಎಂದರೆ, “ಉಂಡೆ ಬುಡು. ಸಾವ್ರಾರು ವರ್ಸದಿಂದ ಇಲ್ಲೇ ಅದೆ, ಇನ್ನೆಲ್ಲಿಗೋಯ್ತದೆ” ಎಂದು ತಾವೇ ರಾಜಿಯಾದರು.

ಈ ಬೋರ್ಡಿನ ಮೊದಲ ಓದುಗ ಅಂಕಯ್ಯ. ಕಾಡಂಚಿನಲ್ಲಿ ತುಂಡು ಬಾಳೆತೋಟ, ಒಂದೇ ಒಂದು ಹಸು. ಏನು ಬರೆದರೂ ತಕರಾರು ತೆಗೆಯದೆ ಮನೆಗೆ ಹೋದವರಲ್ಲ. ಆಕ್ಟೋಪಸ್‌ಗೆ ಮೂರು ಹೃದಯ ಎಂದರೆ, “ಒಂದ್ ನಿಂತೋದ್ರೆ ಮಿಕ್ಕ ಎರಡ್ರಲ್ಲಿ ಬದುಕ್ತದಾ?” ಎಂದರು. ದನದ ಡಾಕ್ಟರೂ ತಲೆ ಕೆರೆದುಕೊಂಡರು. ಅಂಥ ಅಂಕಯ್ಯನಿಗೇ ಚಿಕ್ಕಸಿದ್ದಮ್ಮನ ಬೋರ್ಡು ಕಂಟಕವಾದದ್ದು ಈ ಕಥೆಯ ನೋವಿನ ಭಾಗ.

ಹೋದ ವರ್ಷ ಮಳೆ ಹಿಂದಾಗುವ ಹೊತ್ತಿಗೆ ಅವರು ಬರೆದಿದ್ದರು: ‘ಆನೆಗೆ ಜೇನುನೊಣ ಎಂದರೆ ಭಯ. ಕೆಲವು ಕಡೆ ಜೇನುಪೆಟ್ಟಿಗೆ ಇಟ್ಟು ಆನೆ ತಡೆಯುತ್ತಾರೆ.’ ವಾಚರು ಹೇಳಿದ್ದ ಮಾತು, ಸುಳ್ಳೇನಲ್ಲ. ಆದರೆ ಕಾಲುಬಾಯಿ ಜ್ವರದ ಲಸಿಕೆ ಎಂದು, ಹಿಂಡಿ ಮೂಟೆ ಬಂದಿದೆ ಎಂದು, ಕೊಟ್ಟಿಗೆಗೆ ಸುಣ್ಣ ಹಾಕಿ ಎಂದು ಬರುವುದೂ ಅದೇ ಬೋರ್ಡಿನ ಮೇಲೆ. ಡೈರಿ ಬೋರ್ಡು ಹೇಳಿದ್ದನ್ನು ಮಾಡುವುದು ಆ ಊರಿನ ರೂಢಿ, ಯಾಕೆ ಎಂದು ಯಾರೂ ಕೇಳುವುದಿಲ್ಲ. ಎಲ್ಲಕ್ಕೂ ತಕರಾರು ತೆಗೆಯುವ ಅಂಕಯ್ಯನೂ ಈ ಸಲ ಕೇಳಲಿಲ್ಲ. ನೆಂಟರಿಂದ ತುಡುವೆ ಜೇನಿನ ಪೆಟ್ಟಿಗೆ ತಂದರು. ಆನೆ ಬರುವುದು ಕೊಟ್ಟಿಗೆಯ ಹಿಂದಿನಿಂದ, ಹಾಗಾಗಿ ಪೆಟ್ಟಿಗೆಯನ್ನು ಕೊಟ್ಟಿಗೆಯ ಗೋಡೆಗೇ ಒತ್ತಿ ಇಟ್ಟರು. ಬೆಳಿಗ್ಗೆ ಎಂದಿನಂತೆ ಸೊಳ್ಳೆಗೆಂದು ಕೊಟ್ಟಿಗೆಯಲ್ಲಿ ಹೊಗೆ ಹಾಕಿದರು. ಹೊಗೆ ಪೆಟ್ಟಿಗೆಗೆ ನುಗ್ಗಿತು, ಜೇನು ಎದ್ದಿತು. ಹಸು ಹಗ್ಗ ಕಿತ್ತುಕೊಂಡು ಓಡಿ ಚರಂಡಿಗೆ ಬಿದ್ದು ಕಾಲು ಉಳುಕಿಸಿಕೊಂಡಿತು.

ಮಾರನೆಯ ದಿನ ಅಂಕಯ್ಯ ಊದಿದ ಮುಖ ಹೊತ್ತು ಬರಿಗೈಯಲ್ಲಿ ಡೈರಿಗೆ ಬಂದು ನಿಂತರು. “ಬೋರ್ಡಲ್ಲಿ ಬರ್ದಿತ್ತಲ್ಲ, ಅದ್ಕೇ ಇಟ್ಟೆ ಕಣವ್ವ” ಎಂದರು, ಅಷ್ಟೆ. ಅದನ್ನು ನೆನೆದರೆ ಚಿಕ್ಕಸಿದ್ದಮ್ಮನ ಕಣ್ಣು ಈಗಲೂ ತುಂಬುತ್ತದೆ. “ಬೈದಿದ್ರೆ ಚೆಂದಾಗಿತ್ತು. ಬೈಲೇ ಇಲ್ಲ. ನನ್ನ ನಂಬಿದ್ದ ಆವಯ್ಯ.”

ಅವತ್ತೇ ಬೋರ್ಡು ಒರೆಸಿದರು, ಮತ್ತೆ ಬರೆಯಲಿಲ್ಲ. ಡೈರಿ ಮುಚ್ಚಿದ ಮೇಲೆ ದಿನವೂ ಅಂಕಯ್ಯನ ಕೊಟ್ಟಿಗೆಗೆ ಹೋಗಿ, ಹಸುವಿನ ಕಾಲಿಗೆ ಬಿಸಿನೀರಿನ ಶಾಖ ಕೊಟ್ಟು, ಹುಲ್ಲು ಕೈಯಾರೆ ತಿನ್ನಿಸಿ ಬರುತ್ತಿದ್ದರು. ಬತ್ತಿದ್ದ ಹಾಲು ನಿಧಾನಕ್ಕೆ ಮರಳಿತು. “ಆನೆ ಏನೂ ಬರ್ಲಿಲ್ಲ ಬುಡು ಅವತ್ತು” ಎಂದು ಅಂಕಯ್ಯನೇ ಅವರನ್ನು ನಗಿಸಲು ನೋಡಿದರು. ನಗು ಬರಲಿಲ್ಲ.

ಇತ್ತ ಡೈರಿ ಸಾಲು ಮಂಕಾಯಿತು. ಬಂದವರು ಮೊಬೈಲು ನೋಡುವುದು, ಹಾಲು ಹಾಕುವುದು, ಹೋಗುವುದು. ಕೊನೆಗೆ ರಾಧಾ ನಾಲ್ಕಾರು ಹೆಂಗಸರನ್ನು ಕಟ್ಟಿಕೊಂಡು ಹಾಲಿನ ಸಂಘದ ಅಧ್ಯಕ್ಷ ಚೆಲುವಯ್ಯನವರ ಮುಂದೆ ನಿಂತಳು. ಚೆಲುವಯ್ಯ ಯೋಚಿಸಿ, ಬಿಳಿ ಬಣ್ಣ ತರಿಸಿ, ಬೋರ್ಡಿನ ನಟ್ಟನಡುವೆ ಗೆರೆ ಎಳೆಸಿದರು. ಎಡಕ್ಕೆ ‘ಮಾಡುವುದು’, ಬಲಕ್ಕೆ ‘ತಿಳಿಯುವುದು’. “ಲಸಿಕೆ ಎಡಕ್ಕೆ, ಆನೆ ಬಲಕ್ಕೆ. ಗೆರೆ ದಾಟಂಗಿಲ್ಲ ಕಣವ್ವ” ಎಂದು ಸೀಮೆಸುಣ್ಣವನ್ನು ತಾವೇ ಕೈಗಿತ್ತರು.

ಚಿಕ್ಕಸಿದ್ದಮ್ಮ ಮತ್ತೆ ಬರೆಯತೊಡಗಿದರು. ಎಲ್ಲರೂ ಮತ್ತೆ ಓದತೊಡಗಿದರು, ಅಂಕಯ್ಯ ಒಬ್ಬರನ್ನು ಬಿಟ್ಟು. ಅವರು ಬರುತ್ತಾರೆ, ಕ್ಷೇಮ ಕೇಳುತ್ತಾರೆ, ಹಾಲು ಹಾಕುತ್ತಾರೆ, ಆದರೆ ತಲೆ ಎತ್ತಿ ಬೋರ್ಡು ನೋಡುವುದಿಲ್ಲ. “ಅದರ ತಂಟೆ ನಂಗ್ಬ್ಯಾಡ ಕಣವ್ವ. ಓದುದ್ರೆ ತಲೇಲಿ ಕೂತ್ಕತ್ತದೆ. ತಲೇಲಿ ಕೂತ್ರೆ ಕೈ ಸುಮ್ಕಿರಲ್ಲ” ಎಂದು ಒಮ್ಮೆ ಹೇಳಿದ್ದರಂತೆ. ಹಸು ಸರಿಹೋಯಿತು, ಮುಖದ ಊತವೂ ಇಳಿಯಿತು. ಇದೊಂದು ಸರಿಹೋಗಲಿಲ್ಲ ಎಂಬುದು ಚಿಕ್ಕಸಿದ್ದಮ್ಮನ ಕೊರಗು. ಏನಾಗಬೇಕು ನಿಮಗೆ ಎಂದು ಕೇಳಿದರೆ ಸಂಬಳ, ಸನ್ಮಾನ ಯಾವುದೂ ಅವರ ಬಾಯಿಗೆ ಬರುವುದಿಲ್ಲ. “ಅಂಕಣ್ಣ ಒಂದಿನ ಬಂದು ಮೊದಲಿನಂಗೆ ನನ್ ಜೊತೆ ಜಗಳ ಆಡ್ಬೇಕು. ಅಷ್ಟಾದ್ರೆ ಸಾಕು.”

ಮೆಣಸಿನಕಾಯಿಯ ಸುದ್ದಿ ಬರೆದ ಮಾರನೆಯ ದಿನ ಬೋರ್ಡಿನ ಬಲಭಾಗದಲ್ಲಿ ಹೀಗಿದೆ: ‘ಹುಟ್ಟಿದ ಮಗುವಿನ ಮಂಡಿಚಿಪ್ಪಿನಲ್ಲಿ ಗಟ್ಟಿ ಮೂಳೆ ಇರುವುದಿಲ್ಲ. ಅದು ಮೂಳೆಯಾಗಲು ಕೆಲವು ವರ್ಷ ಬೇಕು.’ ಆಸ್ಪತ್ರೆ ಸಿಸ್ಟರು ಹೇಳಿದ್ದು. ಅಂಕಯ್ಯನ ಮನೆಯಲ್ಲಿ ಅಂಬೆಗಾಲಿಕ್ಕುವ ಮೊಮ್ಮಗಳಿದ್ದಾಳೆ ಎಂಬುದು ಬರೆಯುವಾಗ ತಮ್ಮ ತಲೆಯಲ್ಲೇ ಇರಲಿಲ್ಲ ಎಂದು ಚಿಕ್ಕಸಿದ್ದಮ್ಮ ಹೇಳುತ್ತಾರೆ. ನಂಬುವುದು ಬಿಡುವುದು ಓದುವವರಿಗೆ ಬಿಟ್ಟದ್ದು.

ರಾಧಾ ಅದನ್ನು ಸಾಲಿಗೆಲ್ಲ ಕೇಳುವಂತೆ ಗಟ್ಟಿಯಾಗಿ ಓದುತ್ತಾಳೆ. ಅಂಕಯ್ಯ ನೆಲ ನೋಡುತ್ತಲೇ ಹಾಲು ಹಾಕಿ, ಖಾಲಿ ಡಬ್ಬ ಹಿಡಿದು ಹೊರಡುತ್ತಾರೆ. ಕಣ್ಣು ತಗ್ಗಿಸಬಹುದು, ಕಿವಿಯನ್ನು ಏನು ಮಾಡುವುದು? ರಸ್ತೆ ತಿರುವಿನ ತನಕ ಹೋದವರು ಅಲ್ಲೇ ನಿಲ್ಲುತ್ತಾರೆ. ಡಬ್ಬವನ್ನು ಈ ಕೈಯಿಂದ ಆ ಕೈಗೆ ಬದಲಿಸುತ್ತಾರೆ. ಆಮೇಲೆ ದಾಪುಗಾಲು ಹಾಕುತ್ತ ವಾಪಸು ಬಂದು, ಬೋರ್ಡಿನ ಮುಂದೆ ನಿಂತು, ಅಕ್ಷರ ಅಕ್ಷರ ಬೆರಳಿಟ್ಟು ಓದುತ್ತಾರೆ.

“ಇದೆಂಗ್ ಬರ್ದೆ ಸಿದ್ದವ್ವ ನೀನು? ಮಂಡೀಲಿ ಮೂಳೆ ಇಲ್ದೆ ನಮ್ಮನೆ ಕೂಸು ಜಗಲಿಯಿಂದ ಕೊಟ್ಟಿಗೆಗಂಟ ಎಂಗ್ ಓಯ್ತದೆ? ನೋಡ್ಬಾ ಬೇಕಾದ್ರೆ. ಇದನ್ನ ನಾನೊಪ್ಪಲ್ಲ.”

“ನಂಗೂ ಅದು ಗೊತ್ತಿಲ್ಲ ಕಣಣ್ಣ. ಸಿಸ್ಟರು ಬರ್ಲಿ, ಕೇಳಾನ.”

“ಕೇಳು, ಕೇಳು. ನಾನೂ ಬತ್ತೀನಿ. ಸುಮ್ನೆ ಬುಡಲ್ಲ ಇದನ್ನ” ಎಂದು ಗೊಣಗುತ್ತ ಅಂಕಯ್ಯ ಜಗಲಿ ಮೇಲೆ ಕೂತೇ ಬಿಡುತ್ತಾರೆ.

ಯಂತ್ರ ಮುಂದಿನ ಡಬ್ಬಕ್ಕೆ ಕಾಯುತ್ತಿದೆ. ಚಿಕ್ಕಸಿದ್ದಮ್ಮ ಸೌಟು ಹಿಡಿದವರು ಹಾಗೇ ನಿಂತಿದ್ದಾರೆ, ಮುಖದ ತುಂಬ ನಗು. ಪಕ್ಕದಲ್ಲಿದ್ದ ರಾಧಾಳ ಕಡೆಗೆ ಬಗ್ಗಿ ಮೆಲ್ಲಗೆ ಹೇಳುತ್ತಾರೆ: “ನೋಡ್ದೇನವ್ವ, ಜಗಳಕ್ಕೆ ಬಂದ್ಬುಟ್ಟ.”