ಹಾಶಿಮ್ ಸಾಹೇಬರ ಹಿಡಿ ಉಪ್ಪು

ಶಿವಾಜಿನಗರದಲ್ಲಿ ಕುರಿ, ಮೇಕೆ ಚರ್ಮದ ವ್ಯಾಪಾರ ಮಾಡುವ ಹಾಶಿಮ್ ಸಾಹೇಬರಿಗೆ ಎಲ್ಲದರಲ್ಲೂ ಮೂಗು ತೂರಿಸುವ ಚಟ. ಅಂಥವರಿಗೆ ಕಗ್ಗದಾಸಪುರದ ಒಂದು ಪ್ರಯೋಗಾಲಯದಿಂದ, ವಾರಕ್ಕೆರಡು ಸಲ ಅಂಗೈಯಗಲದ ತಾಜಾ ಮೇಕೆ ಚರ್ಮ ಬೇಕೆಂದು ಆರ್ಡರ್ ಬಂದರೆ ಕೇಳಬೇಕೆ! ಯಾರ ಕೈಯಲ್ಲೂ ಕಳಿಸದೆ, ಐಸ್ ಡಬ್ಬಿ ಸ್ಕೂಟರಿಗೆ ಕಟ್ಟಿಕೊಂಡು ತಾವೇ ಹೊರಟರು.

ಅಲ್ಲಿ ರಾಜೇಶ್ವರಿ ಎಂಬ ಕಲಬುರಗಿಯ ಹುಡುಗಿ ಗಾಯಕ್ಕೆ ಅಂಟಿಸುವ ಜೆಲ್ ಮಾಡುತ್ತಿದ್ದಳು. ಅದರಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚು ಬರೀ ನೀರು. ನೀರು ಹರಿದುಹೋಗದೆ ಹೇಗೆ ನಿಲ್ಲುತ್ತದೆ ಅಂತ ಸಾಹೇಬರು ಕೇಳಿದರು. ಉದ್ದುದ್ದ ಎಳೆಗಳ ಬಲೆ ಹಿಡಿದಿಡುತ್ತದೆ, ಬಲೆಯ ಗಂಟುಗಳಿಗೆ ಕಣ್ಣಿಗೆ ಕಾಣದಷ್ಟು ಸಣ್ಣ ಜೇಡಿಮಣ್ಣಿನ ಕಣ ಸೇರಿಸಿದ್ದೇನೆ, ಅದಕ್ಕೇ ಗಟ್ಟಿ ಅಂದಳು. ನೀರಿಗೆ ಮಣ್ಣು ಹಾಕಿ ಗಟ್ಟಿ ಮಾಡುವುದಾ, ಯಾ ಅಲ್ಲಾ, ಎನ್ನುತ್ತ ಅವರು ಒಂದು ತುಂಡು ಎಳೆದು ನೋಡಿದರು. ಮೊಳದುದ್ದ ಬಂತು, ಹರಿಯಲಿಲ್ಲ.

ಆದರೆ ಪರೀಕ್ಷೆಗೆಂದು ಸಾಹೇಬರಿಂದ ತರಿಸಿದ ಚರ್ಮಕ್ಕೆ ಮಾತ್ರ ಅದು ಅಂಟುತ್ತಿರಲಿಲ್ಲ. ನಾಲ್ಕು ತಿಂಗಳಿಂದ ಅದೇ ಗೋಳು. ಈ ಶುಕ್ರವಾರವೂ ಅಂಟದಿದ್ದರೆ ಜೆಲ್ ಕೈಬಿಡಬೇಕೆಂದು ಮೇಲಿನವರು ಹೇಳಿಬಿಟ್ಟಿದ್ದರು. ಗುರುವಾರ ಸಾಹೇಬರು ಹೋದಾಗ ಅವಳ ಕಣ್ಣು ಕೆಂಪಗಿತ್ತು. ಕಾರಣ ಏನಿರಬಹುದಮ್ಮ ಅಂತ ಕೇಳಿದರು. ಉಪ್ಪು ಜಾಸ್ತಿಯಾದರೆ ಮಣ್ಣಿನ ಕಣ ಗುಂಪುಗಟ್ಟಿ ಜೆಲ್ ಕೆಡುತ್ತದೆ, ಆದರೆ ತಾಜಾ ಚರ್ಮದಲ್ಲಿ ಅಷ್ಟು ಉಪ್ಪೆಲ್ಲಿಂದ ಬರಬೇಕು, ಅಂದಳು.

ಸಾಹೇಬರಿಗೆ ಕೂಡಲೇ ಹೊಳೆಯಿತು. ವಾಸನೆ ಬರಬಾರದೆಂದು ಪ್ರತಿ ತುಂಡಿಗೂ ಹಿಡಿ ಉಪ್ಪು ತಿಕ್ಕಿ, ಒರೆಸಿ ತರುತ್ತಿದ್ದವರು ಅವರೇ. ಅಪ್ಪನ ಕಾಲದಿಂದ ಹಾಗೇ. ಉಪ್ಪು ಹಾಕದೆ ಚರ್ಮ ಕೊಟ್ಟರೆ ಅಂಗಡಿಗೇ ಅವಮಾನ. ಈಗ ಹೇಳಿದರೆ ನಲವತ್ತು ವರ್ಷದ ಹೆಸರು ಹೋಗುತ್ತದೆ, ಹೇಳದಿದ್ದರೆ ಈ ಹುಡುಗಿಯ ಶ್ರಮವೆಲ್ಲ ಹೋಗುತ್ತದೆ. ನಾಚಿಕೆಯಿಂದ ಮುಖ ಎತ್ತಲಾಗಲಿಲ್ಲ.

"ಉಪ್ಪು ನಾನೇ ಹಾಕ್ತಿದ್ದೆ ಬೇಟಿ. ತಪ್ಪು ನಂದು," ಅಂದರು.

ಅವಳು ಆ ದಿನದ ತುಂಡನ್ನು ಪಕ್ಕಕ್ಕೆ ಎತ್ತಿಟ್ಟಳು. ಶುಕ್ರವಾರ ಬೆಳಗ್ಗೆ ಸಾಹೇಬರು ಜೀವಮಾನದಲ್ಲೇ ಮೊದಲ ಸಲ ಉಪ್ಪು ಸೋಕದ ಚರ್ಮ ತಂದುಕೊಟ್ಟು ಬಾಗಿಲ ಹತ್ತಿರವೇ ನಿಂತರು. ಜೆಲ್ ಅಂಟಿಸಿದ ಚರ್ಮವನ್ನು ಯಂತ್ರ ಎಳೆಯತೊಡಗಿತು. ಎಳೆದೂ ಎಳೆದೂ ಕೊನೆಗೆ ಚರ್ಮವೇ ಹರಿಯಿತು, ಜೆಲ್ ಬಿಡಲಿಲ್ಲ.

ಇನ್ನು ತಮಗೆ ಬರಬೇಡಿ ಅನ್ನುತ್ತಾರೆಂದು ಸಾಹೇಬರು ಖಾಲಿ ಡಬ್ಬಿ ಎತ್ತಿಕೊಂಡರು. ರಾಜೇಶ್ವರಿ ಕುರ್ಚಿ ಎಳೆದು ಹಾಕಿದಳು.

"ಕೂಡ್ರಿ ಚಾಚಾ. ನಾಕ್ ತಿಂಗ್ಳು ಬರೇ ನೀವೇ ಕೇಳಿದ್ರಿ, ನಾ ಒಂದೂ ಕೇಳ್ಲಿಲ್ಲ. ಚರ್ಮದ ಬಗ್ಗೆ ನಿಮಗ ಏನೇನ್ ಗೊತ್ತದ, ಹೇಳ್ರಿ."

ಸಾಹೇಬರು ಡಬ್ಬಿ ಕೆಳಗಿಟ್ಟು ಕೂತು, ಅಪ್ಪನ ಕಾಲದಿಂದ ಶುರು ಮಾಡಿದರು.