ಸ್ಕರ್ಟಿನ ಮೇಲೆ ಉಳಿದ ನಾಯಿಗೂದಲು

ನಮ್ಮ ಮನೆಯ ಬಾಗಿಲ ಪಕ್ಕ, ಚಪ್ಪಲಿ ಬಿಡುವ ಜಾಗದಲ್ಲಿ, ಅಂಟುಕಾಗದ ಸುತ್ತಿದ ಒಂದು ಉರುಳೆ ಕೊಕ್ಕೆಗೆ ನೇತಾಡುತ್ತಿರುತ್ತದೆ. ಬಟ್ಟೆಯ ಮೇಲೆ ಉರುಳಿಸಿದರೆ ಸಾಕು, ಧೂಳು, ದಾರ, ಕೂದಲು ಎಲ್ಲವೂ ಅಂಟಿಕೊಂಡು ಬರುತ್ತವೆ. ಜಪಾನಿನ ಓಜಿಮಾದ ಈ ಫ್ಲಾಟಿಗೆ ಬಂದಾಗಿನಿಂದ ಇಷ್ಟು ವಿಧೇಯವಾದ ಸಾಮಾನು ನನಗೆ ಇನ್ನೊಂದು ಸಿಕ್ಕಿಲ್ಲ. ನನ್ನ ಮಡಿಯ ಬುದ್ಧಿ ನಿಮಗೆ ನಗು ತರಿಸಬಹುದು. ಬೀದಿಯಲ್ಲಿ ಯಾರದೋ ನಾಯಿ ಮಗಳ ಕಾಲು ಸವರಿಕೊಂಡು ಹೋಗಿದ್ದರೂ ಅವಳು ಒಳಗೆ ಬರುವ ಮೊದಲೇ ಉರುಳೆ ನನ್ನ ಕೈಗೆ ಬಂದಿರುತ್ತಿತ್ತು.

ಕಳೆದ ವರ್ಷ ಲಿಫ್ಟಿನಲ್ಲಿ ಒಬ್ಬ ಅಪರಿಚಿತ ನನ್ನ ಹತ್ತು ವರ್ಷದ ಅನಿಕಾಳ ಮೈಮೇಲೆ ಕೈಹಾಕಿದ. ಇದಕ್ಕಿಂತ ಹೆಚ್ಚು ಬರೆಯಲಾರೆ. ಅವನು ಸಿಕ್ಕಿಬಿದ್ದ, ತಾನೇನೂ ಮಾಡಿಲ್ಲ ಎಂದ. ಆದದ್ದನ್ನು ಮಗುವೇ ನ್ಯಾಯಾಲಯಕ್ಕೆ ಹೇಳದಿದ್ದರೆ ಮೊಕದ್ದಮೆ ನಿಲ್ಲುವುದು ಕಷ್ಟವೆಂದು ವಕೀಲರು ತಿಳಿಸಿದ್ದರು. ಪೊಲೀಸರಿಗೆ ಒಮ್ಮೆ ಎರಡು ಮಾತು ಹೇಳಿದವಳು ಆಮೇಲೆ ಬಾಯಿ ಬಿಡಲಿಲ್ಲ. ಅಪ್ಪಿಕೊಂಡು ಕೇಳಿದೆ, ಚಿತ್ರಾನ್ನ ಮುಂದಿಟ್ಟು ಕೇಳಿದೆ, ಅತ್ತುಕೊಂಡು ಕೇಳಿದೆ.

ಆಗ ಬಂದದ್ದು ಮೊಮೊ, ಸಾಕ್ಷಿ ಹೇಳುವ ಇಂಥ ಮಕ್ಕಳ ಪಕ್ಕ ಕೂರಲೆಂದೇ ತರಬೇತಿ ಪಡೆದ ಬಿಳಿಯ ಲ್ಯಾಬ್ರಡಾರ್. ಅದನ್ನು ನೋಡಿಕೊಳ್ಳುವ ಇಟೋ-ಸಾನ್ ಸಾಕ್ಷಿಯ ದಿನಕ್ಕೆ ಮೊದಲೇ ನಾಲ್ಕೈದು ಸಲ ಭೇಟಿ ಮಾಡಿಸಿದರು. ಮೊದಲ ದಿನ ನಾನು ಉರುಳೆಯನ್ನು ಬ್ಯಾಗಿನಲ್ಲಿಟ್ಟುಕೊಂಡೇ ಹೋಗಿದ್ದೆ. ಮೊಮೊ ಯಾವ ಆಟವನ್ನೂ ತೋರಿಸಲಿಲ್ಲ. ಬಂದು ಅನಿಕಾಳ ಪಾದದ ಮೇಲೆ ಗದ್ದವಿಟ್ಟು ಮಲಗಿತು, ಅಷ್ಟೇ.

ಆ ಮನುಷ್ಯನ ಮುಖ ಕಾಣದ ಬೇರೆ ಕೋಣೆಯಿಂದ, ಕ್ಯಾಮೆರಾದ ಮೂಲಕ ಸಾಕ್ಷಿ ಹೇಳಲು ಅನುಮತಿ ಸಿಕ್ಕಿತ್ತು. ಜೊತೆಗೆ ನಾನೂ ಕೂರಬಹುದಿತ್ತು. ಆದರೆ ಬಾಗಿಲಲ್ಲಿ ಅನಿಕಾ ನನ್ನ ಕೈ ಬಿಡಿಸಿಕೊಂಡಳು.

"ನೀನ್ ಬರ್ಬೇಡಮ್ಮ. ಯೂ ವಿಲ್ ಕ್ರೈ."

"ಇಲ್ಲ ಪುಟ್ಟಿ, ಅಳಲ್ಲ."

"ನಾನ್ ಸ್ಟಾರ್ಟ್ ಮಾಡಿದ್ರೆ ನೀನ್ ಅಳ್ತೀಯ. ದೆನ್ ಐ ಸ್ಟಾಪ್. ಎವ್ರಿ ಟೈಮ್. ಮೊಮೊ ಅಳಲ್ಲ."

ನಮ್ಮ ಮಾತು ಅರ್ಥವಾಗದಿದ್ದರೂ ನನ್ನ ಮುಖ ನೋಡಿದ ಇಟೋ-ಸಾನ್, "ಸುಮಿಮಾಸೆನ್" ಎಂದು ಕ್ಷಮೆ ಕೇಳಿ ತಲೆ ಬಾಗಿಸಿ ಮೆಲ್ಲಗೆ ಬಾಗಿಲು ಮುಚ್ಚಿದರು.

ಹೊರಗಿನ ಬೆಂಚಿನ ಮೇಲೆ ಕೂತವಳಿಗೆ ಮೊದಲು ಹೊಟ್ಟೆಕಿಚ್ಚಾಯಿತು, ಅದೂ ಒಂದು ನಾಯಿಯ ಮೇಲೆ! ಆಮೇಲೆ ನಾಚಿಕೆಯಾಯಿತು. ಸಮಾಧಾನ ಮಾಡುತ್ತೇವೆ ಎಂದುಕೊಂಡು ನಾವು ಎಷ್ಟು ಸಲ ನಮ್ಮ ದುಃಖವನ್ನೇ ಎದುರಿನವರ ಮಡಿಲಿಗೆ ಸುರಿದುಬಿಡುತ್ತೇವೆ, ಅಲ್ಲವೇ? ಇಷ್ಟು ತಿಂಗಳು ಮಗಳನ್ನು ಸಂತೈಸುತ್ತಿದ್ದವಳು ನಾನೆಂದು ನಂಬಿದ್ದೆ. ತನ್ನ ಮಾತನ್ನು ನುಂಗಿಕೊಂಡು ನನ್ನನ್ನು ಸಂತೈಸುತ್ತಿದ್ದವಳು ಅವಳು. ಮೊಮೊವಿಗೆ ಅವಳಿಂದ ಏನೂ ಬೇಕಿರಲಿಲ್ಲ. ಆ ನಿರಪೇಕ್ಷೆ ನನ್ನ ಪ್ರೀತಿಯಲ್ಲಿ ಇರಲಿಲ್ಲ, ಅದನ್ನು ಒಪ್ಪಿಕೊಳ್ಳಲು ಇಂದಿಗೂ ಕಷ್ಟವಾಗುತ್ತದೆ.

ಒಂದು ಗಂಟೆಯ ನಂತರ ಹೊರಬಂದ ಅನಿಕಾ, "ಎಲ್ಲಾ ಹೇಳ್ದೆ" ಎಂದಳು.

ತೀರ್ಪಿಗೆ ಇನ್ನೂ ವಾರಗಳಿದ್ದವು. ಮನೆಗೆ ಬಂದು ಅವಳು ಹೊಸ್ತಿಲ ಮೆಟ್ಟಿಲ ಮೇಲೆ ಕೂತಾಗ ನೀಲಿ ಸ್ಕರ್ಟಿನ ತುಂಬ ಬಿಳಿ ಕೂದಲು. ಅಭ್ಯಾಸಬಲದಿಂದ ನನ್ನ ಕೈ ಉರುಳೆಗೆ ಹೋಯಿತು. ಅಷ್ಟರಲ್ಲಿ ಅವಳು, ಶೂ ಬಿಚ್ಚದೆ, ನನ್ನತ್ತ ನೋಡದೆ, "ಅಮ್ಮಾ, ದಟ್ ಡೇ ಲಿಫ್ಟಲ್ಲಿ..." ಎಂದಳು.

ಉರುಳೆಯನ್ನು ಕೊಕ್ಕೆಗೆ ಮರಳಿ ತೂಗುಹಾಕಿ, ಅವಳ ಪಾದಗಳ ಬಳಿ ನೆಲದ ಮೇಲೆ ಕೂತೆ. ಏನೂ ಕೇಳಲಿಲ್ಲ, ಅಳಲಿಲ್ಲ. ಅವಳು ಕೊನೆಯವರೆಗೂ ಹೇಳಿದಳು.